ಕೋಲ್ಟ್ 1851 ನೇವಿ ನಕಲು: ಎರಡನೇ ಸುತ್ತಿಗೇ ಸಿಲಿಂಡರ್ ಬಿಗಿ, ಪೂರ್ತಿ ಬಿಚ್ಚಬೇಕಾ?

ಹೊಗೆಮೋಡ

ಎಲ್ಲರಿಗೂ ನಮಸ್ಕಾರ. ಇಟಲಿಯಲ್ಲಿ ಮಾಡಿದ ಕೋಲ್ಟ್ 1851 ನೇವಿ ರಿವಾಲ್ವರ್‌ನ ನಕಲು ಒಂದು ಕೈಗೆ ಬಂದಿದೆ. .36 ಕ್ಯಾಲಿಬರ್, ಸ್ಟೀಲ್ ಫ್ರೇಮ್, ಸೆಕೆಂಡ್ ಹ್ಯಾಂಡ್. ಕಾಗದಪತ್ರ ಎಲ್ಲಾ ಸರಿಯಿದೆ, ಆ ಚರ್ಚೆ ಬೇಡ.

ಸಮಸ್ಯೆ ಇಷ್ಟು. ಮೊದಲ ಆರು ಗುಂಡು ಸಲೀಸಾಗಿ ಹೋಗುತ್ತವೆ. ಎರಡನೇ ಸುತ್ತಿನ ನಡುವೆ ಸಿಲಿಂಡರ್ ತಿರುಗುವುದೇ ಕಷ್ಟ. ಹ್ಯಾಮರ್ ಎಳೆಯಲು ಹೆಬ್ಬೆರಳು ಸಾಲುವುದಿಲ್ಲ, ಎಡಗೈಯಿಂದ ಸಿಲಿಂಡರ್ ತಿರುಗಿಸಿ ಕೊಡಬೇಕು. ಬಳಸುವುದು ಅಸಲಿ ಕಪ್ಪು ಮದ್ದು, ಬದಲಿ ಪುಡಿ ಅಲ್ಲ. ಹಿಂದಿನ ಮಾಲೀಕರು ಫ್ರೇಮ್ ಒಳಗೆ ಯಾವತ್ತೂ ಬಿಚ್ಚಿಲ್ಲ ಅಂದರು. ಒಳಗೆ ಮಸಿ ತುಂಬಿರಬಹುದು ಅಂತ ನನ್ನ ಅನುಮಾನ. ಎಲ್ಲಾ ಸ್ಕ್ರೂ ತೆಗೆದು ಪೂರ್ತಿ ಬಿಚ್ಚಲೇ? ತೊಳೆಯುವುದು ಯಾವುದರಿಂದ? ಒಬ್ಬರು ನೀರು ಅನ್ನುತ್ತಾರೆ, ಇನ್ನೊಬ್ಬರು ನೀರು ಮುಟ್ಟಿಸಲೇಬೇಡ ಅನ್ನುತ್ತಾರೆ.

ಬೆಣೆ ಬಡಿಗ

ಸ್ವಲ್ಪ ತಡೆಯಿರಿ ಸರ್. ಸ್ಕ್ರೂಡ್ರೈವರ್ ಕೆಳಗಿಡಿ. ನಿಮ್ಮ ರೋಗ ಫ್ರೇಮ್ ಒಳಗೆ ಇದೆ ಅಂತ ನನಗೆ ಅನಿಸುತ್ತಿಲ್ಲ.

ಮೊದಲು ಒಂದೂ ನಿಪ್ಪಲ್ (ಕೋಣೆಯ ಹಿಂದಿನ ಪುಟ್ಟ ಕೊಳವೆ) ಮೇಲೆ ಕ್ಯಾಪ್ (ಹ್ಯಾಮರ್ ಬಡಿದಾಗ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಇಲ್ಲ, ಸಿಲಿಂಡರ್‌ನಲ್ಲಿ ಮದ್ದು ಗುಂಡು ತುಂಬುವ ಆರೂ ಕೋಣೆ ಖಾಲಿ ಅಂತ ಕಣ್ಣಾರೆ ನೋಡಿ. ಹ್ಯಾಮರ್ ಅನ್ನು ಅರ್ಧ ಎಳೆದು ನಿಲ್ಲಿಸಿ, ಅಂದರೆ ಹಾಫ್ ಕಾಕ್. ಆಗ ಸಿಲಿಂಡರ್ ಹಿಡಿಯುವ ಬೋಲ್ಟ್ ಕೆಳಗೆ ಇಳಿದಿರುತ್ತದೆ, ಸಿಲಿಂಡರ್ ಕೈಯಲ್ಲಿ ತಿರುಗಬೇಕು. ಹೀಗೆ ಮದ್ದಿಲ್ಲದೆ, ಒಣಗಿ ಚೊಕ್ಕಟವಾಗಿದ್ದಾಗಲೂ ಅದು ಎಲ್ಲಾದರೂ ಉಜ್ಜುತ್ತಿದೆಯಾ? ನಳಿಗೆಯ ಹಿಂಬದಿಗೂ ಸಿಲಿಂಡರ್ ಮುಖಕ್ಕೂ ನಡುವೆ ದೀಪದ ಬೆಳಕು ಕಾಣುತ್ತದೆಯಾ? ನಳಿಗೆಯನ್ನು ಅಡ್ಡಲಾಗಿ ಬಿಗಿಯುವ ಬೆಣೆ ಎಷ್ಟು ಒಳಗೆ ಹೋಗಿದೆ? ಈ ಮೂರು ಹೇಳಿ, ಆಮೇಲೆ ಮಾತಾಡೋಣ.

ಹೊಗೆಮೋಡ

ನೋಡಿದೆ. ಬೆಣೆಯ ಬಲ ತುದಿ ನಳಿಗೆಯಿಂದ ಚೆನ್ನಾಗಿ ಹೊರಗೆ ಚಾಚಿದೆ, ಹಿಂದಿನವರು ಬಡಿದು ಕೂರಿಸಿದ್ದಾರೆ. ಬೆಳಕು ಕಾಣುವುದೇ ಇಲ್ಲ ಅನ್ನಬಹುದು. ಬೆಣೆಯನ್ನು ಚೂರು ಹಿಂದೆ ತಟ್ಟಿದರೆ ಸಿಲಿಂಡರ್ ಬುಗುರಿ ತಿರುಗಿದ ಹಾಗೆ ತಿರುಗುತ್ತದೆ. ಒಳಗೆ ತಟ್ಟಿದರೆ ಮತ್ತೆ ಉಜ್ಜುತ್ತದೆ.

ಬೆಣೆ ಬಡಿಗ

ಸಿಕ್ಕಿತು. ಇದು ಮಸಿಯ ತೊಂದರೆ ಅಲ್ಲ, ಜಾಗದ ತೊಂದರೆ. ಮಸಿ ಬಂದು ಅದನ್ನು ತೋರಿಸಿಕೊಡುತ್ತದೆ ಅಷ್ಟೆ.

ಕೋಲ್ಟ್‌ನಲ್ಲಿ ಸಿಲಿಂಡರ್ ಮೇಲೆ ಹಾಯುವ ಮೇಲ್ಪಟ್ಟಿ ಇಲ್ಲ. ಫ್ರೇಮ್‌ನಿಂದ ಮುಂದಕ್ಕೆ ಒಂದು ದಪ್ಪ ಕಂಬಿ ಬಂದಿದೆ, ಅದೇ ಆರ್ಬರ್. ಸಿಲಿಂಡರ್ ಅದರ ಮೇಲೆ ತಿರುಗುತ್ತದೆ, ನಳಿಗೆಯೂ ಅದರ ಮೇಲೇ ಬಂದು ಕೂರುತ್ತದೆ. ಎರಡನ್ನೂ ಬಿಗಿಯುವುದು ಆ ಒಂದು ಬೆಣೆ. ಮೂಲ ಕೋಲ್ಟ್‌ಗಳಲ್ಲಿ ಆರ್ಬರ್‌ನ ತುದಿ ನಳಿಗೆಯ ತೂತಿನ ತಳಕ್ಕೆ ಹೋಗಿ ತಾಗುತ್ತಿತ್ತು. ತಾಗಿದ ಮೇಲೆ ಬೆಣೆ ಎಷ್ಟೇ ಬಿಗಿದರೂ ನಳಿಗೆ ಹಿಂದೆ ಬರುವುದಿಲ್ಲ. ಹಾಗಾಗಿ ನಳಿಗೆಗೂ ಸಿಲಿಂಡರ್‌ಗೂ ನಡುವಿನ ಸಂದು ಒಂದೇ ಸಮ ಇರುತ್ತಿತ್ತು.

ಈಗಿನ ಕೆಲವು ನಕಲುಗಳಲ್ಲಿ ಆರ್ಬರ್ ಚೂರು ಗಿಡ್ಡ, ತಳ ಮುಟ್ಟುವುದಿಲ್ಲ. ಯಾವ ಕಂಪನಿ ಅಂತ ಇಲ್ಲಿ ಬೇಡ. ಆಗ ಬೆಣೆ ಒಳಗೆ ಹೋದಷ್ಟೂ ನಳಿಗೆಯ ಮೇಲ್ಭಾಗ ಹಿಂದಕ್ಕೆ ಬಂದು ಸಿಲಿಂಡರ್ ಮುಖಕ್ಕೆ ಒರಗುತ್ತದೆ. ನಿಮ್ಮದು ಅದೇ ಇರಬೇಕು.

ಪರೀಕ್ಷೆ ಸುಲಭ. ನಳಿಗೆ, ಸಿಲಿಂಡರ್ ಎರಡೂ ತೆಗೆಯಿರಿ. ಈಗ ಸಿಲಿಂಡರ್ ಇಲ್ಲದೆ, ನಳಿಗೆಯನ್ನು ಪಕ್ಕಕ್ಕೆ ಓರೆ ತಿರುಗಿಸಿ ಆರ್ಬರ್ ಮೇಲೆ ತಳದವರೆಗೆ ತೂರಿಸಿ. ನಳಿಗೆಯ ಕೆಳಗಿನ ಭಾಗ ಫ್ರೇಮ್‌ನ ಮುಂದಿನ ಅಂಚನ್ನು ಸರಿಯಾಗಿ ಮುಟ್ಟಿ ನಿಂತರೆ ಆರ್ಬರ್ ಉದ್ದ ಸರಿ. ಅಂಚನ್ನು ದಾಟಿ ಹಿಂದೆ ಹೋದರೆ ಗಿಡ್ಡ. ಎಷ್ಟು ದಾಟಿತೋ ಅಷ್ಟು ಕೊರತೆ.

ಅಂದ ಹಾಗೆ ಬೆಣೆ ತೆಗೆಯುವಾಗ ಬಲದಿಂದ ಎಡಕ್ಕೆ ತಟ್ಟಬೇಕು. ಹಿತ್ತಾಳೆ ಅಥವಾ ಗಟ್ಟಿ ಮರದ ತುಂಡು ಇಟ್ಟು ತಟ್ಟಿ, ಸುತ್ತಿಗೆಯನ್ನು ನೇರ ಬೆಣೆ ಮೇಲೆ ಬಿಡಬೇಡಿ. ಬಲ ತುದಿಯಲ್ಲಿ ಒಂದು ಸಣ್ಣ ಸ್ಪ್ರಿಂಗ್ ಕೊಕ್ಕೆ ಇರುತ್ತದೆ, ಅದನ್ನು ಉಗುರಿನಿಂದ ಒತ್ತಿ ಹಿಡಿಯಿರಿ. ಎಡಗಡೆಯ ಸ್ಕ್ರೂ ಬೆಣೆಯನ್ನು ಬಿಗಿಯಲು ಇರುವುದಲ್ಲ, ಪೂರ್ತಿ ಹೊರಬಿದ್ದು ಕಳೆದುಹೋಗದಿರಲಿ ಅಂತ ಇರುವುದು. ಅದನ್ನು ತೆಗೆಯುವ ಅಗತ್ಯವೇ ಇಲ್ಲ.

ಬೆಣೆ ಬಂದರೂ ನಳಿಗೆ ಜಪ್ಪಯ್ಯ ಅನ್ನದಿದ್ದರೆ ಎಳೆದಾಡಬೇಡಿ. ಹಾಫ್ ಕಾಕ್‌ನಲ್ಲಿ ಸಿಲಿಂಡರ್ ತಿರುಗಿಸಿ, ಗುಂಡನ್ನು ಕೋಣೆಗೆ ಒತ್ತುವ ಲೋಡಿಂಗ್ ಲಿವರ್‌ನ ಮೂತಿ ಎರಡು ಕೋಣೆಗಳ ನಡುವಿನ ಗಟ್ಟಿ ಜಾಗಕ್ಕೆ ಬರುವಂತೆ ಮಾಡಿ ಲಿವರ್ ಒತ್ತಿ. ನಳಿಗೆ ತಾನೇ ಮುಂದೆ ಜಾರುತ್ತದೆ.

ರೆಮಿಂಗ್ಟನ್ ಪಕ್ಷ

ಇದಕ್ಕೇ ನಾನು ರೆಮಿಂಗ್ಟನ್ ರಿವಾಲ್ವರ್ ತಗೊಂಡಿದ್ದು. ಬೆಣೆ ಇಲ್ಲ, ಬಡಿಯುವುದಿಲ್ಲ. ಹಾಫ್ ಕಾಕ್ ಮಾಡು, ಲಿವರ್ ಇಳಿಸು, ಪಿನ್ ಮುಂದೆ ಎಳೆ, ಸಿಲಿಂಡರ್ ಬಲಗಡೆಗೆ ಉರುಳಿ ಬರುತ್ತದೆ. ಪಿನ್ ಫ್ರೇಮ್‌ನಲ್ಲೇ ಉಳಿಯುತ್ತದೆ, ಕಳೆಯುವ ಭಯವೂ ಇಲ್ಲ. ಮೇಲೆ ಗಟ್ಟಿ ಪಟ್ಟಿ. 1858ರಲ್ಲೇ ಬುದ್ಧಿವಂತರಿದ್ದರು.

ಕಪಾಟಿನ ಇತಿಹಾಸ

ಬುದ್ಧಿವಂತರಿದ್ದರು ನಿಜ, ಆದರೆ ನಿಮ್ಮ ಬಂದೂಕು 1858ರದ್ದಲ್ಲ. ನಳಿಗೆಯ ಮೇಲಿರುವ ಸೆಪ್ಟೆಂಬರ್ 14, 1858 ಅನ್ನುವುದು ಪೇಟೆಂಟ್ ದಿನಾಂಕ. ಇವತ್ತು ಎಲ್ಲರೂ ನಕಲು ಮಾಡುವ ಮಾದರಿಯ ಸರಿಯಾದ ಹೆಸರು ನ್ಯೂ ಮಾಡೆಲ್ ಆರ್ಮಿ, ಅದು ತಯಾರಾಗಿದ್ದು ಅಮೆರಿಕದ ಅಂತರ್ಯುದ್ಧದ ನಡುವೆ, 1863ರಿಂದ. ನಕಲು ಮಾರುವವರು 1858 ಅಂತ ಕರೆದು ಕರೆದು ಅದೇ ಹೆಸರಾಗಿ ಹೋಯಿತು.

ಹೊಗೆಮೋಡ ಅವರೇ, ನಿಮ್ಮದು ಯಾವ ವರ್ಷದ್ದು ಅಂತ ತಿಳಿಯಬೇಕಿದ್ದರೆ ಫ್ರೇಮ್ ಮೇಲೆ ಸಣ್ಣ ಚೌಕದೊಳಗೆ ಎರಡು ಅಕ್ಷರ ಹುಡುಕಿ. ಇಟಲಿಯ ಗಾರ್ಡೋನೆ ವಾಲ್ ಟ್ರೊಂಪಿಯಾದ ಬಂದೂಕು ಪರೀಕ್ಷಾ ಮನೆ ಹಾಕುವ ಗುರುತು. 1975ಕ್ಕೆ 'ಎಎ' ಅಂತ ಶುರುವಾಯಿತು. ಜೊತೆಗೆ ಕಪ್ಪು ಮದ್ದು ಮಾತ್ರ ಅನ್ನುವ ಮಾತೂ ಕೆತ್ತಿರುತ್ತದೆ. ಅದು ಅಲಂಕಾರಕ್ಕಲ್ಲ. ಹೊಗೆಯಿಲ್ಲದ ಆಧುನಿಕ ಮದ್ದನ್ನು ಚಿಟಿಕೆ ಹಾಕಿದರೂ ಒತ್ತಡ ತಡೆಯದೆ ಸಿಲಿಂಡರ್ ಸಿಡಿಯಬಹುದು.

ಗಂಧಕ ಪ್ರಿಯೆ

ತೊಳೆಯುವ ಪ್ರಶ್ನೆಗೆ ಬರುತ್ತೇನೆ. ರಸಾಯನಶಾಸ್ತ್ರ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಕಪ್ಪು ಮದ್ದು ಅಂದರೆ ತೂಕದಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಪಾಲು ಗಾಳಿಯಾಗುವುದೇ ಇಲ್ಲ, ಘನವಾಗಿ ಉಳಿಯುತ್ತದೆ. ನೀವು ನೋಡುವ ಬಿಳಿ ಹೊಗೆಯೂ ಬಹುಪಾಲು ಈ ಘನದ ಪುಡಿಯೇ. ಒಳಗೆ ಉಳಿಯುವುದು ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್. ಅಂದರೆ ಲವಣಗಳು. ಕಾರ್ಬೊನೇಟ್ ಗಾಳಿಯ ತೇವ ಹೀರುವುದರಲ್ಲಿ ಎತ್ತಿದ ಕೈ. ಸಂಜೆ ಒಣಗಿದ ಬೂದಿ ತರಹ ಇದ್ದದ್ದು ಬೆಳಿಗ್ಗೆ ಹಸಿ ಕೆಸರಾಗಿರುತ್ತದೆ. ಆ ಕೆಸರಿನ ಅಡಿಯಲ್ಲಿ ತುಕ್ಕು.

ಲವಣ ಕರಗುವುದು ನೀರಿನಲ್ಲಿ. ಪೆಟ್ರೋಲಿಯಂ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಹಚ್ಚಿ ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ, ಕ್ಲೀನ್ ಆಯಿತು ಅಂತ ಖುಷಿ ಆಗುತ್ತದೆ, ಆದರೆ ಲವಣ ಎಣ್ಣೆಯ ಪದರದ ಕೆಳಗೆ ಹಾಗೇ ಕೂತಿರುತ್ತದೆ. ಹಾಗಾಗಿ ನೀರೇ ಸರಿ. ಉಗುರು ಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು. ಸಿಲಿಂಡರ್ ಮುಳುಗಿಸಿದ ತಕ್ಷಣ ನೀರು ಶಾಯಿಯಷ್ಟು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಅದು ಸಲ್ಫೈಡ್ ನೀರಿನ ಜೊತೆ ಸೇರಿ ಹೊರಬರುವ ಹೈಡ್ರೋಜನ್ ಸಲ್ಫೈಡ್. ನೀರು ಬದಲಿಸಿ, ಬಣ್ಣವೂ ವಾಸನೆಯೂ ನಿಲ್ಲುವವರೆಗೆ ತೊಳೆಯಿರಿ. ಕಿಟಕಿ ತೆರೆದಿರಲಿ.

ಎಣ್ಣೆಡಬ್ಬಿ

ಮೇಡಂ, ಕುದಿಯುವ ನೀರು ಅಲ್ವಾ ಹಾಕಬೇಕಾದದ್ದು? ಬಿಸಿಗೆ ತಾನೇ ಆರಿಹೋಗುತ್ತದೆ. ಹಳೆಯ ಸೈನ್ಯದ ಪದ್ಧತಿ ಅದೇ.

ಗಂಧಕ ಪ್ರಿಯೆ

ಲವಣ ಕರಗಲು ಅಷ್ಟು ಬಿಸಿ ಬೇಕಿಲ್ಲ. ಕುದಿಯುವ ನೀರು ಆರುವ ಆ ಗಳಿಗೆಯಲ್ಲೇ ನಳಿಗೆಯೊಳಗೆ ತೆಳುವಾದ ಕಿತ್ತಳೆ ತುಕ್ಕು ಏಳುವುದುಂಟು. ಬಿಳಿ ಬಟ್ಟೆ ತೂರಿಸಿ ನೋಡಿ, ಕಿತ್ತಳೆ ಬಣ್ಣ ಬರುತ್ತದೆ. ಉಗುರು ಬೆಚ್ಚಗೆ ಸಾಕು. ತೊಳೆದ ಕೂಡಲೇ ಒರೆಸಿ, ಗಾಳಿ ಊದಿ, ನೀರು ಓಡಿಸುವ ಸ್ಪ್ರೇ ಹೊಡೆಯಿರಿ. ಡಬ್ಲ್ಯುಡಿ-40 ಇರುವುದೇ ಆ ಕೆಲಸಕ್ಕೆ. ಆದರೆ ಅದನ್ನೇ ಕೊನೆಯ ಎಣ್ಣೆ ಅಂತ ಬಿಡಬೇಡಿ, ಅದನ್ನು ಒರೆಸಿ ಮೇಲೆ ಸರಿಯಾದ ಎಣ್ಣೆ ಹಚ್ಚಿ.

ವಿನೆಗರ್ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಆಮ್ಲ. ಮಸಿಯ ಜೊತೆಗೆ ಉಕ್ಕಿಗೆ ಕೊಟ್ಟ ನೀಲಿ ಬಣ್ಣವನ್ನೂ ತಿನ್ನುತ್ತದೆ.

ಎಣ್ಣೆಡಬ್ಬಿ

ನಾನು ಸಿಲಿಂಡರ್ ಮತ್ತು ನಳಿಗೆಯನ್ನು ಓವನ್‌ನಲ್ಲಿ ಇಡುತ್ತೇನೆ. 90 ಡಿಗ್ರಿ, ಕಾಲು ಗಂಟೆ. ಮೂಲೆ ಮೂಲೆಯ ತೇವವೂ ಹೋಗುತ್ತದೆ. ಬಿಸಿ ಇರುವಾಗಲೇ ಎಣ್ಣೆ ಹಚ್ಚಿದರೆ ಚೆನ್ನಾಗಿ ಹರಡುತ್ತದೆ. ಮರದ ಹಿಡಿ ಮಾತ್ರ ಹೊರಗೆ.

ತಿರುಪುತಾತ

ಅದಕ್ಕೆ ಒಂದು ಸೇರಿಸಿ. ಓವನ್‌ಗೆ ಹೋಗುವ ಮುಂಚೆ ಆರೂ ಕೋಣೆಗಳಲ್ಲಿ ಬೆಳಕು ಹಾಯಿಸಿ ನೋಡಬೇಕು. ನಿಪ್ಪಲ್ ತೆಗೆದಿರಬೇಕು. ಈಚೆಯಿಂದ ನೋಡಿದರೆ ಆಚೆ ಕಾಣಬೇಕು. ಸಿಡಿಯದೆ ಉಳಿದ ಒಂದು ಕೋಣೆ ಒಳಗೆ ಹೋದರೆ ಆಗುವ ಅನಾಹುತ ಹೇಳಬೇಕಿಲ್ಲ.

ಈಗ ಬಿಚ್ಚುವ ವಿಚಾರ. ಈ ಬಂದೂಕುಗಳನ್ನು ತುಕ್ಕು ಹಾಳು ಮಾಡಿದ್ದಕ್ಕಿಂತ ಸ್ಕ್ರೂಡ್ರೈವರ್ ಹಾಳು ಮಾಡಿದ್ದು ಜಾಸ್ತಿ. ಇದು ನನ್ನ ಖಚಿತ ಅಭಿಪ್ರಾಯ. ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ನಾನು ಮೊದಲು ನಳಿಗೆ ನೋಡುವುದಿಲ್ಲ, ಸ್ಕ್ರೂ ತಲೆ ನೋಡುತ್ತೇನೆ. ತಲೆಯ ಸೀಳು, ಅಂದರೆ ಕಾಡಿ, ಹರಿದು ತುಟಿ ಮೇಲೆದ್ದಿದ್ದರೆ ಒಳಗಿನ ಕಥೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಕ್ರೂಡ್ರೈವರ್‌ನ ತುದಿ ಇಳಿಜಾರು. ಕಾಡಿಯ ಮೇಲಂಚನ್ನು ಮಾತ್ರ ಹಿಡಿಯುತ್ತದೆ, ಬಲ ಹಾಕಿದರೆ ಮೇಲಕ್ಕೆ ಜಾರುತ್ತದೆ. ಬಂದೂಕಿಗೆ ಬೇಕಾದದ್ದು ಎರಡು ಬದಿಯೂ ಸಮಾಂತರ ಇರುವ ತುದಿ, ಕಾಡಿಯ ತಳದವರೆಗೂ ತುಂಬಿ ಕೂರುವಂಥದ್ದು. ಅಗಲವೂ ಸ್ಕ್ರೂ ತಲೆಯಷ್ಟೇ ಇರಬೇಕು, ಹೊರಗೆ ಚಾಚಿದರೆ ಫ್ರೇಮ್ ಗೀರುತ್ತದೆ. ಹೊಸ ನಕಲುಗಳ ಸ್ಕ್ರೂಗಳು ಮೆತ್ತಗೆ, ಆದರೆ ಫ್ಯಾಕ್ಟರಿಯಲ್ಲಿ ಬಿಗಿದಿರುವುದು ರಾಕ್ಷಸ ಬಿಗಿ. ಅಲುಗಾಡದಿದ್ದರೆ ಒಳನುಗ್ಗುವ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ನೆ ಇಡಿ.

ಹೊಗೆಮೋಡ

ಪರೀಕ್ಷೆ ಮಾಡಿದೆ. ನಳಿಗೆಯ ಕೆಳಭಾಗ ಫ್ರೇಮ್ ಅಂಚನ್ನು ದಾಟಿ ಹೋಯಿತು! ಗಿಡ್ಡವೇ. ಏನು ಮಾಡಲಿ?

ಬೆಣೆ ಬಡಿಗ

ಮಾಡುವುದು ಎರಡು ರೀತಿ. ನಳಿಗೆಯ ತೂತಿನ ತಳಕ್ಕೆ ಸರಿಯಾಗಿ ಕೂರುವ ಅಳತೆಯ ತೆಳು ಸ್ಟೀಲ್ ವಾಷರ್ ಒಂದೊಂದೇ ಹಾಕುತ್ತಾ ಹೋಗಿ. ಪ್ರತಿ ಸಲ ಅದೇ ಓರೆ ಪರೀಕ್ಷೆ ಮಾಡಿ. ನಳಿಗೆಯ ಭಾಗ ಫ್ರೇಮ್ ಅಂಚಿಗೆ ಸಮ ಬಂದ ಕೂಡಲೇ ನಿಲ್ಲಿಸಿ. ಎರಡನೆಯದು, ಆರ್ಬರ್‌ನ ತುದಿಗೆ ಚೂಡಿ (ಸ್ಕ್ರೂ ತಿರುಗಿ ಕೂರುವ ಸುರುಳಿ ಗೆರೆ) ಕೊರೆದು ಸಣ್ಣ ಸೆಟ್ ಸ್ಕ್ರೂ ಕೂರಿಸಿ ಉದ್ದ ಹೊಂದಿಸುವುದು. ಇದು ಲೇತ್ ಗೊತ್ತಿದ್ದವರ ಕೆಲಸ. ಮೊದಲು ವಾಷರ್‌ನಲ್ಲಿ ನೋಡಿ.

ಆದ ಮೇಲೆ ಬೆಣೆ ತಟ್ಟಿ ಬಿಗಿದು ಸಂದು ಅಳೆಯಿರಿ. ಫೀಲರ್ ಗೇಜ್‌ನಲ್ಲಿ 0.1ರಿಂದ 0.2 ಮಿ.ಮೀ. ಬಂದರೆ ಚೆನ್ನ. ಸಂದು ತೀರಾ ಜಾಸ್ತಿಯಾದರೂ ಕಷ್ಟ. ಸಿಲಿಂಡರ್ ಹಿಂದೆ ಮುಂದೆ ಆಡುತ್ತದೆ, ಹ್ಯಾಮರ್‌ನ ಮೊದಲ ಪೆಟ್ಟು ಸಿಲಿಂಡರ್ ಅನ್ನು ಮುಂದೆ ತಳ್ಳುವುದರಲ್ಲೇ ಮುಗಿಯುತ್ತದೆ, ಕ್ಯಾಪ್ ಸಿಡಿಯುವುದಿಲ್ಲ.

ಇನ್ನೊಂದು. ಆರ್ಬರ್ ಮೇಲೆ ಸುರುಳಿ ಕಾಡಿ ಇದೆಯಲ್ಲ, ಅದು ಗ್ರೀಸ್ ಹಿಡಿದಿಡಲು, ಮಸಿಗೆ ಜಾಗ ಕೊಡಲು. ತುಂಬಾ ಜನ ಅದನ್ನು ಒಣಗಿಸಿ ಬಿಡುತ್ತಾರೆ. ಕುರಿಕೊಬ್ಬು ಮತ್ತು ಜೇನುಮೇಣ ಕಾಯಿಸಿ ಬೆರೆಸಿದ್ದು ತುಂಬಿಸಿ. ಕೊಬ್ಬು ಬೇಡ ಅನ್ನುವವರು ಆಲಿವ್ ಎಣ್ಣೆ ಮತ್ತು ಜೇನುಮೇಣ. ಸೆಖೆಗೆ ಕರಗಿ ಹರಿದರೆ ಮೇಣ ಜಾಸ್ತಿ ಮಾಡಿ. ಪೆಟ್ರೋಲಿಯಂ ಗ್ರೀಸ್ ಈ ಮದ್ದಿನ ಮಸಿಯ ಜೊತೆ ಸೇರಿ ಟಾರ್ ತರಹ ಆಗುತ್ತದೆ, ನಾನು ಬಳಸುವುದಿಲ್ಲ.

ಎಣ್ಣೆಡಬ್ಬಿ

ಟಾರ್ ಆಗುತ್ತದೆ ಅನ್ನುವುದು ಅರ್ಧ ಸತ್ಯ. ಫ್ರೇಮ್ ಒಳಗಿನ ಸ್ಪ್ರಿಂಗ್, ಸ್ಕ್ರೂಗಳಿಗೆ ಮಾಮೂಲಿ ಗನ್ ಎಣ್ಣೆ ಹಾಕುತ್ತಲೇ ಬಂದಿದ್ದೇನೆ, ಏನೂ ಆಗಿಲ್ಲ. ಬೆಂಕಿ ತಾಗುವ ಜಾಗಕ್ಕೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ.

ಬೆಣೆ ಬಡಿಗ

ಸರಿ, ಅಷ್ಟಕ್ಕೆ ರಾಜಿ.

ಹೊಗೆಮೋಡ

ವಾಷರ್ ಕೆಲಸ ವಾರಾಂತ್ಯಕ್ಕೆ. ಆದರೂ ಒಳಗೆ ಒಂದು ಸಲ ನೋಡಲೇಬೇಕು ಅನಿಸುತ್ತಿದೆ. ಯಾವತ್ತೂ ಬಿಚ್ಚಿಲ್ಲ ಅಂದರೆ ಎಣ್ಣೆಯೂ ಕಂಡಿರಲಿಕ್ಕಿಲ್ಲ. ತಿರುಪುತಾತ, ಕ್ರಮ ಹೇಳುತ್ತೀರಾ? ಸಮಾಂತರ ತುದಿಯ ಸೆಟ್ ತರಿಸಿದ್ದೇನೆ.

ತಿರುಪುತಾತ

ಸೆಟ್ ತರಿಸಿದ್ದೀರಿ ಅಂದರೆ ಹೇಳುತ್ತೇನೆ. ಪ್ರತಿ ಸಲ ಗುಂಡು ಹೊಡೆದಾಗಲೂ ಇಷ್ಟು ಬಿಚ್ಚಬೇಕಿಲ್ಲ. ನಳಿಗೆ, ಸಿಲಿಂಡರ್, ನಿಪ್ಪಲ್ ಇಷ್ಟು ಸಾಕು. ಒಳಗಿನದು ಅಪರೂಪಕ್ಕೆ.

ಒಂದು ರಟ್ಟಿನ ಮೇಲೆ ರಿವಾಲ್ವರ್ ಚಿತ್ರ ಗೀಚಿ. ಸ್ಕ್ರೂ ತೆಗೆದ ಹಾಗೆ ಅದೇ ಜಾಗದಲ್ಲಿ ತೂತು ಮಾಡಿ ಚುಚ್ಚಿ. ಎಲ್ಲಾ ಒಂದೇ ತರಹ ಕಾಣುತ್ತವೆ, ಉದ್ದ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಒಳಗಿನ ಸ್ಪ್ರಿಂಗ್‌ಗೆ ಚುಚ್ಚುತ್ತದೆ.

ನಳಿಗೆ, ಸಿಲಿಂಡರ್ ತೆಗೆದ ಮೇಲೆ ಹ್ಯಾಮರ್ ಅನ್ನು ನಿಧಾನಕ್ಕೆ ಇಳಿಸಿ. ಆಗ ದೊಡ್ಡ ಸ್ಪ್ರಿಂಗ್ ಮೇಲಿನ ಒತ್ತಡ ಕಡಿಮೆ. ಹಿಡಿಯ ಹಿಂಬದಿಯ ಲೋಹದ ಪಟ್ಟಿಗೆ, ಅಂದರೆ ಹಿಂಪಟ್ಟಿಗೆ, ಮೂರು ಸ್ಕ್ರೂ: ಹ್ಯಾಮರ್‌ನ ಅಕ್ಕಪಕ್ಕ ಎರಡು, ಹಿಡಿಯ ಬುಡದಲ್ಲಿ ಒಂದು. ತೆಗೆದರೆ ಹಿಂಪಟ್ಟಿ ಮತ್ತು ಮರದ ಹಿಡಿ ಒಟ್ಟಿಗೇ ಹಿಂದಕ್ಕೆ ಬರುತ್ತವೆ. ಮರವನ್ನು ಮೀಟಬೇಡಿ. ಈಗ ದೊಡ್ಡ ಚಪ್ಪಟೆ ಸ್ಪ್ರಿಂಗ್ ಕಾಣುತ್ತದೆ. ಅದರ ಸ್ಕ್ರೂ ಸಡಿಲಿಸಿ, ಸ್ಪ್ರಿಂಗ್‌ನ ಮೇಲ್ತುದಿಯನ್ನು ಹ್ಯಾಮರ್‌ನ ಪುಟ್ಟ ಗಾಲಿಯಿಂದ ಪಕ್ಕಕ್ಕೆ ಜಾರಿಸಿ, ಆಮೇಲೆ ಸ್ಕ್ರೂ ಪೂರ್ತಿ ತೆಗೆಯಿರಿ. ಕನ್ನಡಕ ಹಾಕಿಕೊಂಡೇ ಮಾಡಿ.

ನಂತರ ಟ್ರಿಗರ್ ಗಾರ್ಡ್. ಅದಕ್ಕೂ ಮೂರು: ಮುಂದೆ ಒಂದು, ಹಿಂದೆ ಎರಡು. ಗಾರ್ಡ್ ಇಳಿದರೆ ಒಳಗೆ ಎರಡು ಎಲೆಯ ಸಣ್ಣ ಸ್ಪ್ರಿಂಗ್. ಒಂದು ಎಲೆ ಟ್ರಿಗರ್‌ಗೆ, ಇನ್ನೊಂದು ಬೋಲ್ಟ್‌ಗೆ. ಅದು ಎಲ್ಲಿ ಹೇಗೆ ಕೂತಿದೆ ಅಂತ ಫೋಟೋ ತೆಗೆದುಕೊಳ್ಳಿ. ಇದೇ ಮೊದಲು ಮುರಿಯುವ ಭಾಗ, ಅದರಲ್ಲೂ ಬೋಲ್ಟ್ ಕಡೆಯ ಎಲೆ. ಆ ಸ್ಪ್ರಿಂಗ್ ತೆಗೆದು, ಫ್ರೇಮ್ ಪಕ್ಕದ ಸ್ಕ್ರೂಗಳು: ಟ್ರಿಗರ್, ಬೋಲ್ಟ್, ಕೊನೆಗೆ ಹ್ಯಾಮರ್. ಹ್ಯಾಮರ್ ಅನ್ನು ಕೆಳಕ್ಕೆ ಜಾರಿಸಿದರೆ ಸಿಲಿಂಡರ್ ತಿರುಗಿಸುವ ಹ್ಯಾಂಡ್ ಕೂಡ ಅದರ ಜೊತೆಗೇ ಬರುತ್ತದೆ. ಅದರ ಬೆನ್ನಿಗೆ ಕೂದಲಷ್ಟು ತೆಳು ಸ್ಪ್ರಿಂಗ್ ಇದೆ, ಎಳೆದು ಬಾಗಿಸಬೇಡಿ.

ಹ್ಯಾಮರ್‌ನ ಬಲ ಮಗ್ಗುಲಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತದೆ. ಅದರ ಮೇಲೆ ಬೋಲ್ಟ್‌ನ ಕಾಲು ಹತ್ತಿ ಇಳಿಯುತ್ತದೆ. ಸಿಲಿಂಡರ್ ಯಾವಾಗ ಬಿಡಬೇಕು, ಯಾವಾಗ ಹಿಡಿಯಬೇಕು ಅನ್ನುವ ಲೆಕ್ಕವೆಲ್ಲ ಆ ಉಬ್ಬಿನಲ್ಲಿದೆ. ಅದಕ್ಕೆ ಅರ ಮುಟ್ಟಿಸಬೇಡಿ. ನಯ ಮಾಡುತ್ತೇನೆ ಅಂತ ಉಜ್ಜಿದವರ ಬಂದೂಕು ಆಮೇಲೆ ಸರಿಯಾದ ಜಾಗದಲ್ಲಿ ನಿಲ್ಲುವುದೇ ಇಲ್ಲ.

ಜೋಡಿಸುವುದು ಇದರ ಉಲ್ಟಾ. ಎಲ್ಲಾ ಸ್ಕ್ರೂ ಬೆರಳಿನಿಂದ ಹಿಡಿಸಿ, ಆಮೇಲೆ ಬಿಗಿಯಿರಿ.

ರೆಮಿಂಗ್ಟನ್ ಪಕ್ಷ

ನಮ್ಮ ಕಡೆ ಟ್ರಿಗರ್ ಗಾರ್ಡ್‌ಗೆ ಒಂದೇ ಸ್ಕ್ರೂ. ಟ್ರಿಗರ್‌ಗೂ ಬೋಲ್ಟ್‌ಗೂ ಸೇರಿ ಒಂದೇ ಸ್ಕ್ರೂ. ಹೇಳಿದೆನಲ್ಲ!

ತಿರುಪುತಾತ

ಹ್ಯಾಂಡ್ ಸ್ಕ್ರೂ ಬಗ್ಗೆ ಯಾಕೆ ಸುಮ್ಮನಾದಿರಿ? ನಿಮ್ಮದರಲ್ಲಿ ಹ್ಯಾಂಡ್ ಹ್ಯಾಮರ್‌ಗೆ ಪುಟ್ಟ ಸ್ಕ್ರೂನಿಂದ ಕೂತಿದೆ. ಹ್ಯಾಮರ್ ಅನ್ನು ಮೇಲಕ್ಕೆ ತಳ್ಳಿ ಆ ಸ್ಕ್ರೂ ಹೊರಗೆ ಇಣುಕಿದಾಗ ಬಿಚ್ಚಬೇಕು, ಹ್ಯಾಂಡ್ ಕೆಳಗಿನಿಂದ ಬರಬೇಕು, ಹ್ಯಾಮರ್ ಮೇಲಿನಿಂದ. ವಾಪಸ್ ಹಾಕುವಾಗ ದೇವರ ನೆನಪಾಗುತ್ತದೆ.

ಅಲ್ಲದೆ ನಿಮ್ಮ ಪಿನ್ ತೆಳು, ಅದರ ಮೇಲೆ ಗ್ರೀಸ್ ನಿಲ್ಲಲು ಕೋಲ್ಟ್‌ನಷ್ಟು ಜಾಗ ಇಲ್ಲ. ಸಿಲಿಂಡರ್ ಬೇಗ ಹಿಡಿಯುತ್ತದೆ ಅಂತ ನೀವೇ ಹಿಂದೆ ಗೋಳಾಡಿದ್ದೀರಿ.

ರೆಮಿಂಗ್ಟನ್ ಪಕ್ಷ

ಅದು ಬೇರೆ ಚರ್ಚೆಯ ಎಳೆ. ಇಲ್ಲಿಗೆ ತರಬೇಡಿ.

ಹಿತ್ತಾಳೆ ಚೌಕಟ್ಟು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಹಿತ್ತಾಳೆ ಫ್ರೇಮ್‌ನ 1851, .44 ಕ್ಯಾಲಿಬರ್. ಹಿತ್ತಾಳೆ ಮಸುಕಾಗಿದೆ. ಅಮೋನಿಯಾ ಇರುವ ಪಾಲಿಶ್ ಹಾಕಬಹುದಾ?

ಗಂಧಕ ಪ್ರಿಯೆ

ಬೇಡ. ಒತ್ತಡದಲ್ಲಿರುವ ಹಿತ್ತಾಳೆಗೆ ಅಮೋನಿಯಾ ಶತ್ರು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದಲ್ಲಿ ಮಳೆಗಾಲಕ್ಕೆ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳ ಹಿತ್ತಾಳೆ ತಾನಾಗಿ ಬಿರಿಯುತ್ತಿತ್ತು. ಕುದುರೆ ಉಚ್ಚೆಯ ಅಮೋನಿಯಾ ಕಾರಣ ಅಂತ ಆಮೇಲೆ ತಿಳಿಯಿತು. ನಿಮ್ಮ ಫ್ರೇಮ್ ಎರಕದ ದಪ್ಪ ಹಿತ್ತಾಳೆ, ನಾಳೆಯೇ ಬಿರಿಯುವುದಿಲ್ಲ. ಆದರೂ ಸೋಪು ನೀರು, ಮೆತ್ತನೆ ಬಟ್ಟೆ ಇರುವಾಗ ಅದೇಕೆ?

ಕಪಾಟಿನ ಇತಿಹಾಸ

ಬೇಸರ ಮಾಡಿಕೊಳ್ಳಬೇಡಿ, ಮೂಲ ಕೋಲ್ಟ್ 1851 ಯಾವತ್ತೂ .44ರಲ್ಲಿ ಬರಲಿಲ್ಲ. ಅದು .36 ಮಾತ್ರ. ಹಿತ್ತಾಳೆ ಫ್ರೇಮ್ ಇದ್ದದ್ದು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣ ರಾಜ್ಯಗಳವರು ಮಾಡಿದ ನಕಲುಗಳಲ್ಲಿ. ಜಾರ್ಜಿಯಾದ ಗ್ರಿಸ್ವೋಲ್ಡ್ ಮತ್ತು ಗನ್ನಿಸನ್ ಕಾರ್ಖಾನೆ ಯುದ್ಧಕಾಲದಲ್ಲಿ ಮಾಡಿತು, ಅದೂ .36. ಉಕ್ಕಿಗೆ ಬರ ಇತ್ತು, ಹಿತ್ತಾಳೆ ಎರಕ ಹೊಯ್ದರು. ನಕಲಿನ ನಕಲು ನಿಮ್ಮ ಕೈಯಲ್ಲಿದೆ ಅನ್ನಿ.

ಬೆಣೆ ಬಡಿಗ

ಮೆರುಗಿಗಿಂತ ಮುಖ್ಯವಾದದ್ದು ಒಂದಿದೆ. ಸಿಲಿಂಡರ್ ತೆಗೆದು ಅದರ ಹಿಂದೆ ಇರುವ ಫ್ರೇಮ್ ಗೋಡೆ ನೋಡಿ. ಸಿಲಿಂಡರ್‌ನ ಹಲ್ಲಿನ ಗುರುತು ಉಂಗುರದಂತೆ ಹಿತ್ತಾಳೆಗೆ ಅಚ್ಚೊತ್ತಿದೆಯಾ? ಒತ್ತಿದ್ದರೆ ನೀವು ಮದ್ದು ಜಾಸ್ತಿ ಹಾಕುತ್ತಿದ್ದೀರಿ. ಹಿತ್ತಾಳೆ ಮೆತ್ತಗೆ. ದೊಡ್ಡ ಪ್ರಮಾಣ ಹಾಕಿದರೆ ಫ್ರೇಮ್ ಹಿಗ್ಗುತ್ತದೆ, ಆರ್ಬರ್ ಸಡಿಲವಾಗುತ್ತದೆ, ಅದು ವಾಪಸ್ ಬರುವುದಿಲ್ಲ. ತಯಾರಕರ ಕೈಪಿಡಿಯಲ್ಲಿ ಹಿತ್ತಾಳೆಗೆ ಹೇಳಿದ ಕನಿಷ್ಠ ಪ್ರಮಾಣದಲ್ಲೇ ಇರಿ.

ಹಿತ್ತಾಳೆ ಚೌಕಟ್ಟು

ಉಂಗುರ ಇದೆ. ಆಳ ಇಲ್ಲ. ಇನ್ನು ಮೇಲೆ ಕಡಿಮೆ ಹಾಕುತ್ತೇನೆ.

ಹೊಗೆಮೋಡ

ವರದಿ. ಎರಡು ವಾಷರ್‌ಗೆ ಸರಿ ಹೋಯಿತು. ಬೆಣೆ ಎಷ್ಟು ತಟ್ಟಿದರೂ ಸಂದು ಬದಲಾಗುತ್ತಿಲ್ಲ, 0.15 ಮಿ.ಮೀ. ಬೆಳಕಿನ ಗೆರೆ ಸಣ್ಣಗೆ, ಮೇಲಿಂದ ಕೆಳಗೆ ಒಂದೇ ಸಮ ಕಾಣುತ್ತದೆ.

ಒಳಗೂ ಬಿಚ್ಚಿದೆ. ಮಸಿ ಅಷ್ಟೇನೂ ಇರಲಿಲ್ಲ. ಸಿಕ್ಕಿದ್ದು ತಾಮ್ರದ ಚೂರುಗಳು! ಹ್ಯಾಮರ್ ತಿರುಗುವ ಜಾಗದಲ್ಲಿ ಸಿಡಿದ ಕ್ಯಾಪ್‌ನ ತುಣುಕುಗಳು, ಕೆಲವು ಅಪ್ಪಚ್ಚಿಯಾಗಿ ಹಾಳೆಯಂತಾಗಿದ್ದವು. ಮತ್ತೆ ಹ್ಯಾಂಡ್‌ನ ತೆಳು ಸ್ಪ್ರಿಂಗ್ ಬುಡದಲ್ಲಿ ಬಿರುಕು ಬಿಟ್ಟಿತ್ತು, ಮುಟ್ಟಿದ ತಕ್ಷಣ ಉದುರಿತು.

ಎಣ್ಣೆಡಬ್ಬಿ

ಆ ಸ್ಪ್ರಿಂಗ್‌ಗೆ ಬಡವರ ಉಪಾಯ ಇದೆ. ಕೂದಲಿಗೆ ಹಾಕುವ ಚಪ್ಪಟೆ ಹೇರ್‌ಪಿನ್‌ನ ಒಂದು ಕಾಲು ಕತ್ತರಿಸಿ. ಹ್ಯಾಂಡ್‌ನ ಸೀಳಿನಲ್ಲಿ ಉಳಿದ ಹಳೆಯ ತುಂಡನ್ನು ತೆಗೆದು ಇದನ್ನು ತೂರಿಸಿ, ಸೀಳಿನ ತುಟಿಯನ್ನು ಪಂಚ್ ಇಟ್ಟು ಮೆಲ್ಲಗೆ ತಟ್ಟಿ ಮುಚ್ಚಿ. ಚೂರು ಬಾಗಿಸಿ ಹೊಂದಿಸಿ. ಒಳ್ಳೆಯ ಸ್ಪ್ರಿಂಗ್ ಸ್ಟೀಲ್ ಅದು. ನನ್ನದರಲ್ಲಿ ಇವತ್ತಿಗೂ ಅದೇ ಓಡುತ್ತಿದೆ.

ತಿರುಪುತಾತ

ಹೇರ್‌ಪಿನ್ ನಾನೂ ಒಪ್ಪುತ್ತೇನೆ. ಎರಡೆಲೆ ಸ್ಪ್ರಿಂಗ್‌ಗೆ ಮಾತ್ರ ಇಂಥ ಆಟ ಬೇಡ. ಅದಕ್ಕೆ ತಂತಿಯಲ್ಲಿ ಮಾಡಿದ ಬದಲಿ ಸ್ಪ್ರಿಂಗ್ ಸಿಗುತ್ತದೆ, ಚಪ್ಪಟೆಯದಕ್ಕಿಂತ ಬಾಳಿಕೆ ಜಾಸ್ತಿ. ಒಂದು ತರಿಸಿ ಇಟ್ಟುಕೊಳ್ಳಿ.

ರೆಮಿಂಗ್ಟನ್ ಪಕ್ಷ

ಕ್ಯಾಪ್ ಚೂರಿನ ವಿಷಯ ನನಗೆ ಚೆನ್ನಾಗಿ ಗೊತ್ತು, ಜಗಳ ಇಲ್ಲದೆ ಹೇಳುತ್ತೇನೆ. ಕ್ಯಾಪ್ ಮತ್ತು ನಿಪ್ಪಲ್ ಅಳತೆ ಹೊಂದದಿದ್ದರೆ ಹೀಗಾಗುತ್ತದೆ. ಸಾಮಾನ್ಯವಾಗಿ 10 ಮತ್ತು 11 ಅನ್ನುವ ಎರಡು ಅಳತೆ ಸಿಗುತ್ತವೆ. ಸಡಿಲವಾದ ಕ್ಯಾಪ್ ಅನ್ನು ಬೆರಳಲ್ಲಿ ಹಿಚುಕಿ ಕೂರಿಸುವವರಿದ್ದಾರೆ, ಅದು ಸಿಡಿದಾಗ ಚೂರಾಗುವುದು ಜಾಸ್ತಿ. ಗಟ್ಟಿಯಾಗಿ, ನಿಪ್ಪಲ್ ಬುಡದವರೆಗೆ ಕೂರುವ ಅಳತೆ ಹುಡುಕಿ. ನಿಪ್ಪಲ್ ತುದಿ ಅಣಬೆಯ ಹಾಗೆ ಅಗಲವಾಗಿದ್ದರೆ ಬದಲಿಸಿ. ಖಾಲಿ ಬಂದೂಕಿನ ಹ್ಯಾಮರ್ ಸುಮ್ನೆ ಟಕ್ ಟಕ್ ಅನ್ನಿಸಿದರೆ ಹಾಗೇ ಆಗುತ್ತದೆ. ರೇಂಜ್‌ನಲ್ಲಿ ಮುಂದಿನ ಗುಂಡಿಗೆ ಹ್ಯಾಮರ್ ಎಳೆಯುವಾಗ ನಳಿಗೆಯ ಬಾಯಿ ಗುರಿಯ ದಿಕ್ಕಿನಲ್ಲೇ ಮೇಲಕ್ಕೆ ಎತ್ತಿ, ಚೂರು ಹಿಂದಕ್ಕೆ ಹೊರಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ಆದರೆ ಎಲ್ಲಾ ರೇಂಜ್‌ಗಳು ಇದಕ್ಕೆ ಒಪ್ಪುವುದಿಲ್ಲ, ಕೇಳಿಕೊಳ್ಳಿ.

ಹೊಗೆಮೋಡ

ನಿಪ್ಪಲ್‌ಗಳಲ್ಲಿ ಎರಡು ಅಲುಗಾಡುತ್ತಿಲ್ಲ. ಮತ್ತೆ ಸಿಲಿಂಡರ್ ಮೇಲೆ ಹಡಗಿನ ಚಿತ್ರ ಇದೆ, ಅದರ ಸಂದಿನಲ್ಲಿ ಕಪ್ಪು. ತಂತಿ ಬ್ರಷ್ ಹಾಕಬಹುದಾ?

ಕಪಾಟಿನ ಇತಿಹಾಸ

ತಂತಿ ಬ್ರಷ್ ದಯವಿಟ್ಟು ಬೇಡ! ಅದು ಕ್ಯಾಂಪೆಚೆ ಸಮುದ್ರ ಯುದ್ಧದ ಚಿತ್ರ, ಟೆಕ್ಸಾಸ್ ನೌಕಾಪಡೆ ಮತ್ತು ಮೆಕ್ಸಿಕೋ ನಡುವಿನದು. 16 ಮೇ 1843 ಅನ್ನುವ ತಾರೀಖೂ ಅಲ್ಲೇ ಇರುತ್ತದೆ. ಬಂದೂಕಿಗೆ ನೇವಿ ಅನ್ನುವ ಹೆಸರು ಅಂಟಿದ್ದೂ ಅದರಿಂದಲೇ ಅನ್ನುತ್ತಾರೆ. ಚಿತ್ರವನ್ನು ಅಚ್ಚಿನಿಂದ ಉರುಳಿಸಿ ಒತ್ತಿರುತ್ತಾರೆ, ಆಳ ಬಹಳ ಕಡಿಮೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ತಿರುಪುತಾತ

ನಿಪ್ಪಲ್‌ಗೆ ಅದರದೇ ವ್ರೆಂಚ್, ಸಡಿಲ ಇರುವುದು ಬೇಡ. ಸೋಪು ನೀರಲ್ಲಿ ನೆನೆಸಿ ಒಣಗಿಸಿ, ಒಳನುಗ್ಗುವ ಎಣ್ಣೆ ಬಿಟ್ಟು ಒಂದು ದಿನ ಬಿಡಿ. ಸಿಲಿಂಡರ್ ಅನ್ನು ಚರ್ಮದ ತುಂಡಿನಲ್ಲಿ ಸುತ್ತಿ ವೈಸ್‌ಗೆ ಹಿಡಿಸಿ, ಮೊದಲು ಚೂರು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಟಕ್ ಅಂತ ಬಿಡುತ್ತದೆ. ವಾಪಸ್ ಹಾಕುವಾಗ ಚೂಡಿಗೆ ಆ್ಯಂಟಿ ಸೀಜ್ ಗ್ರೀಸ್ (ಹಿಡಿದುಕೊಳ್ಳದಂತೆ ತಡೆಯುವ ಗ್ರೀಸ್) ತೆಳುವಾಗಿ ಸವರಿ. ಬೆರಳಿನ ಬಿಗಿಯ ಮೇಲೆ ಸ್ವಲ್ಪ ಸಾಕು.

ಕೊನೆಯದಾಗಿ, ಹಾಫ್ ಕಾಕ್‌ನಿಂದ ಹ್ಯಾಮರ್ ಅನ್ನು ನೇರ ಕೆಳಗೆ ಇಳಿಸುವ ಅಭ್ಯಾಸ ಇದ್ದರೆ ಬಿಡಿ. ಬೋಲ್ಟ್ ಮಧ್ಯದಲ್ಲಿ ಎಲ್ಲೋ ಬಿದ್ದು ಸಿಲಿಂಡರ್ ಮೇಲೆ ಗೀರು ಎಳೆಯುತ್ತದೆ. ಒಮ್ಮೆ ಪೂರ್ತಿ ಹಿಂದೆ ಎಳೆದು, ಸಿಲಿಂಡರ್ ಕೂತ ಮೇಲೆ ಹೆಬ್ಬೆರಳಲ್ಲಿ ಹಿಡಿದು ಇಳಿಸಿ. ಆ ಹಡಗುಗಳು ಉಳಿಯಬೇಕಿದ್ದರೆ ಅದೇ ದಾರಿ.

ಹೊಗೆಮೋಡ

ಒಂದು ನಿಪ್ಪಲ್ ಬಿಟ್ಟಿತು. ಇನ್ನೊಂದು ಎಣ್ಣೆಯಲ್ಲಿದೆ. ಕ್ಯಾಪ್ 10 ತರಿಸಿದ್ದೇನೆ, ಈಗಿರುವ 11 ಈ ನಿಪ್ಪಲ್ ಮೇಲೆ ಅಲುಗಾಡುತ್ತಿತ್ತು.

ಎಣ್ಣೆಡಬ್ಬಿ

ಇನ್ನೊಂದು ಬರದಿದ್ದರೆ ಸಿಲಿಂಡರ್ ಅನ್ನು ಓವನ್‌ನಲ್ಲಿ ಬೆಚ್ಚಗೆ ಮಾಡಿ ಪ್ರಯತ್ನಿಸಿ. ಎಣ್ಣೆ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಮನೆಯೆಲ್ಲಾ ಹೊಗೆ. ಆ ಕೋಣೆಯಲ್ಲಿ ಮದ್ದಿಲ್ಲ ಅಂತ ಮತ್ತೊಮ್ಮೆ ನೋಡಿ. ನಿಪ್ಪಲ್ ಇರುವಾಗ ಆಚೆಯ ಬೆಳಕು ಕಾಣುವುದಿಲ್ಲ, ಮುಂದಿನಿಂದ ಕಡ್ಡಿ ಹಾಕಿ ಪಕ್ಕದ ಕೋಣೆಯ ಆಳಕ್ಕೆ ಹೋಲಿಸಿ.